ಕೊಕ್ಕೆಯಲ್ಲೇ ಉಳಿದ ಬಿಲ್ಲೆ

"ನಾನು ಕಳ್ಳಿಯಲ್ಲ!"

ಟೂಲ್ ರೂಮಿನ ಕಿಟಕಿಕಟ್ಟೆಯ ಮೇಲೆ ಹದಿನಾಲ್ಕು ಅಂಚೆ ಕಾರ್ಡುಗಳ ಕಟ್ಟು ದೊಪ್ಪೆಂದು ಬಿತ್ತು.

ಕಿಟಕಿಯ ಆಚೆ ಕೂತು ಡ್ರಿಲ್ ಬಿಟ್‌ಗಳನ್ನು ಒರೆಸುತ್ತಿದ್ದವನು ಬೆಚ್ಚಿ ತಲೆಯೆತ್ತಿದ. ಹದಿನಾಲ್ಕು ತಿಂಗಳಾದ ಮೇಲೆ ಆ ಮುಖ! ಬಡವಾಗಿತ್ತು, ಬಿಸಿಲಿಗೆ ಕಂದಿತ್ತು. ಆದರೆ ಮೂಗಿನ ತುದಿಯ ಸಿಟ್ಟು ಮಾತ್ರ ಹಿಂದೆ ಎಲ್ಲಿತ್ತೋ ಅಲ್ಲೇ ಇತ್ತು.

"ಬಂದ್ರಾ..." ಎಂದ ಅವನು.

ಆ ಒಂದು ಮಾತಿನಲ್ಲಿದ್ದ ನೆಮ್ಮದಿ ಅವಳಿಗೆ ಕೇಳಿಸಲಿಲ್ಲ. ಸಿಟ್ಟು ಬಂದಾಗ ಕಿವಿ ಮುಚ್ಚಿಕೊಳ್ಳುವುದು ಅವಳ ಹುಟ್ಟುಗುಣ.

"ಬರದೇ ಏನ್ ಮಾಡ್ಲಿ? ತಿಂಗಳು ತಿಂಗಳೂ ಕಾರ್ಡು! 'ನಿಮ್ಮ ಬಿಲ್ಲೆ ಕೊಕ್ಕೆಯಲ್ಲಿದೆ, ಕೂಡಲೇ ಬಂದು ಕಾಣುವುದು.' ಪೋಸ್ಟ್‌ಮ್ಯಾನ್ ಓದ್ತಾನೆ, ಪಕ್ಕದ ಮನೆಯವ್ರು ಓದ್ತಾರೆ. ಆ ಅಳತೆ ವರ್ನಿಯರ್‌ನ ನಾನು ನಿಮ್ಮ ಕೈಗೇ ಕೊಟ್ಟು ಹೋದೆನಲ್ಲ! ಈ ಕೈಗೇ!"

"ಹೌದು, ಕೊಟ್ರಿ."

ಅವಳು ತಬ್ಬಿಬ್ಬಾದಳು. ಜಗಳಕ್ಕೆಂದು ಬಸ್ಸಿನುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಕೆಲಸಕ್ಕೆ ಬಾರದೆ ಹೋದವು. ಒಪ್ಪಿಕೊಂಡುಬಿಟ್ಟನಲ್ಲ! ಹಾಗಾದರೆ ಈ ಕಾರ್ಡುಗಳು ಯಾಕೆ?

ಆ ತಾಂತ್ರಿಕ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಗೂ ಅವರವರ ನಂಬರು ಕೊರೆದ ಹಿತ್ತಾಳೆ ಬಿಲ್ಲೆಗಳನ್ನು ಕೊಡುತ್ತಿದ್ದರು. ಬಿಲ್ಲೆ ಕೊಟ್ಟರೆ ಉಪಕರಣ ಸಿಗುತ್ತಿತ್ತು, ಉಪಕರಣ ಇದ್ದ ಕೊಕ್ಕೆಯಲ್ಲಿ ಬಿಲ್ಲೆ ನೇತಾಡುತ್ತಿತ್ತು. ಸಂಜೆ ಉಪಕರಣ ಹಿಂತಿರುಗಿಸಿದರೆ ಬಿಲ್ಲೆ ವಾಪಸ್. ಬಿಲ್ಲೆ ಕೊಕ್ಕೆಯಲ್ಲೇ ಉಳಿಯಿತೆಂದರೆ, ಉಪಕರಣ ಇನ್ನೂ ಆ ನಂಬರಿನವರ ಹತ್ತಿರವೇ ಇದೆ ಎಂದು ಅರ್ಥ. ಇದು ಮೊದಲ ವಾರದಲ್ಲೇ ಎಲ್ಲರೂ ಕಲಿಯುವ ಪಾಠ.

ಅವಳ ನಂಬರು ನಲವತ್ತೇಳು. ಲೋಹ ಕಡೆಯುವ ಲೇತ್ ಯಂತ್ರದ ಕೆಲಸ ಕಲಿಯಲು ಬಂದಿದ್ದ ಹುಡುಗಿ.

ಮೊದಲ ದಿನ ಇದೇ ಕಿಟಕಿಗೆ ಬಂದು, ಹೆದರಿಕೆಯಲ್ಲಿ ತನ್ನ ಐದೂ ಬಿಲ್ಲೆಗಳನ್ನು ಒಟ್ಟಿಗೆ ಸುರಿದಿದ್ದಳು. ಟೂಲ್ ರೂಮಿನ ಈ ಯುವಕ ನಗದೆ, ನಾಲ್ಕನ್ನು ಅವಳ ಕಡೆಗೇ ತಳ್ಳಿ, "ಇಡೀ ಅಂಗಡಿ ಬೇಕಾ, ಒಂದು ವರ್ನಿಯರ್ ಸಾಕಾ?" ಎಂದು ಕೇಳಿದ್ದ. ಹುಡುಗರೆಲ್ಲ ಅವನನ್ನು 'ಕೊಕ್ಕೆ' ಎಂದೇ ಕರೆಯುತ್ತಿದ್ದರು. ಉಪಕರಣದ ಮೇಲೆ ಒಂದು ಬೆರಳಿನ ಗುರುತಿದ್ದರೂ ವಾಪಸ್ ತೆಗೆದುಕೊಳ್ಳದ ಆಸಾಮಿ! ಆದರೆ ಸರಾಗವಾಗಿ ಜಾರುವ ಒಳ್ಳೆಯ ವರ್ನಿಯರ್ ಪ್ರತಿದಿನವೂ ಅವಳ ಪಾಲಿಗೇ ಬರುತ್ತಿತ್ತು. ಅದು ಕಾಕತಾಳೀಯವಲ್ಲ ಎಂದು ಅವಳಿಗೆ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇದ್ದಳು, ಅಷ್ಟೇ.

ಒಂದು ಮಧ್ಯಾಹ್ನ ಫೋನ್ ಬಂತು. ಅಪ್ಪ ಅಂಗಳದಲ್ಲಿ ಕುಸಿದುಬಿದ್ದಿದ್ದರು... ಬಲಭಾಗ ಪೂರ್ತಿ ಸ್ವಾಧೀನ ತಪ್ಪಿತ್ತು. ಅವಳು ಲೇತ್ ನಿಲ್ಲಿಸಿ, ವರ್ನಿಯರನ್ನು ಅವನ ಕೈಗೆ ತುರುಕಿ, ಬಿಲ್ಲೆಗೂ ಕಾಯದೆ ಓಡಿದ್ದಳು. ಮತ್ತೆ ಬರಲಾಗಲಿಲ್ಲ. ಅಪ್ಪನಿಗೆ ತುತ್ತು ತಿನ್ನಿಸುವುದು, ತಂಗಿಯನ್ನು ಶಾಲೆಗೆ ಕಳಿಸುವುದು, ಹಗಲೆಲ್ಲ ಪ್ಯಾಕಿಂಗ್ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಟೇಪು ಹಚ್ಚುವುದು... ಕಾಲೇಜಿನಿಂದ ಫೋನ್ ಬಂದರೆ ಎತ್ತುವ ಧೈರ್ಯವೇ ಇರಲಿಲ್ಲ. ಎತ್ತಿದರೆ ಅತ್ತುಬಿಡುತ್ತೇನೆ ಎಂಬ ಭಯ!

ಆಮೇಲೆ ಕಾರ್ಡುಗಳು ಶುರುವಾದವು. *ಅವನೇ? ನನ್ನನ್ನು ಕಳ್ಳಿ ಅಂದುಕೊಂಡವನು ಅವನೇ?* ಮೊದಲ ಕಾರ್ಡು ಓದಿದ ದಿನ ಅವಳಿಗೆ ಊಟ ಸೇರಲಿಲ್ಲ.

"ಇವತ್ತು ಎಲ್ಲಾ ಮುಗಿಸ್ಕೊಂಡು ಹೋಗೋಕೇ ಬಂದಿದೀನಿ," ಎಂದು ಅವಳು ಚೀಲದಿಂದ ಒಂದು ಚೀಟಿ ತೆಗೆದಳು. "ನೋ ಡ್ಯೂಸ್ ಚೀಟಿ, ನನ್ನಿಂದ ಏನೂ ಬಾಕಿ ಇಲ್ಲ ಅನ್ನೋದಕ್ಕೆ. ಸೇರುವಾಗ ಇಲ್ಲಿ ಕೊಟ್ಟಿದ್ದ ನನ್ನ ಹತ್ತನೇ ಕ್ಲಾಸಿನ ಅಸಲು ಅಂಕಪಟ್ಟೀನ ನಾಳೆ ಒಳಗೆ ಕೊಟ್ರೆ ಕಾರ್ಖಾನೇಲಿ ಕೆಲಸ ಕಾಯಂ ಆಗುತ್ತೆ. ನಾಲ್ಕು ಸಹಿ ಹಾಕಿಸ್ಕೊಂಡು ಬಂದ್ರೆ ಕಾಲೇಜಿನ ಪಟ್ಟಿಯಿಂದ ಹೆಸರು ಹೊಡೆದು ಅಂಕಪಟ್ಟಿ ಕೊಡ್ತಾರಂತೆ. ಬೆಳಗ್ಗೆಯಿಂದ ಸುತ್ತುತಾ ಇದೀನಿ, ಒಬ್ರೂ ಸಹಿ ಹಾಕ್ತಿಲ್ಲ! ಲೈಬ್ರರಿಯವ್ರು ಪುಸ್ತಕ ಬಂದಿಲ್ಲ ಅಂತಾರೆ, ನಾನು ಕೊಟ್ಟ ಪುಸ್ತಕ ಅವರ ಮೇಜಿನ ಮೇಲೇ ಇದೆ. ಡ್ರಾಯಿಂಗ್ ಹಾಲಿನ ಸಾರ್ ಕನ್ನಡಕ ಮರೆತು ಬಂದಿದಾರಂತೆ, ಕನ್ನಡಕ ಹಣೆ ಮೇಲೇ ಕೂತಿದೆ! ಎಲ್ರೂ ಒಂದೇ ಮಾತು, ಮೊದ್ಲು ಟೂಲ್ ರೂಮಿಗೆ ಹೋಗಮ್ಮ ಅಂತ."

ಅವನ ತುಟಿಯಂಚಿನಲ್ಲಿ ನಗು ಬಂದು ಮಾಯವಾಯಿತು. ಚೀಟಿಯನ್ನು ಅವನು ಮುಟ್ಟಲಿಲ್ಲ. ಎದ್ದು ಪಕ್ಕದ ಬಾಗಿಲಿನ ಚಿಲಕ ತೆಗೆದ.

"ಒಳಗೆ ಬನ್ನಿ."

ಒಳಗೆ! ವಿದ್ಯಾರ್ಥಿಗಳಿಗೆ ಕಿಟಕಿಯ ಈಚೆಯಷ್ಟೇ ಜಾಗ. ಅವಳು ಅನುಮಾನಿಸುತ್ತಲೇ ಹೊಸ್ತಿಲು ದಾಟಿದಳು. ಎಣ್ಣೆಯ ವಾಸನೆ, ಕಬ್ಬಿಣದ ವಾಸನೆ... ಎಷ್ಟು ದಿನವಾಗಿತ್ತು! ಅವಳಿಗೆ ತಿಳಿಯದೆಯೇ ಎದೆ ತುಂಬಿ ಬಂತು.

ಕಪಾಟುಗಳನ್ನು ದಾಟಿ, ಹಿಂದಿನ ಗೋಡೆಯ ಮುಂದೆ ಅವನು ನಿಂತ. ಅಲ್ಲೊಂದು ಉದ್ದನೆಯ ಮರದ ಹಲಗೆ. ಅದರ ತುಂಬ ಕೊಕ್ಕೆಗಳು, ಪ್ರತಿ ಕೊಕ್ಕೆಯ ಕೆಳಗೂ ಒಂದೊಂದು ಪುಟ್ಟ ಗೂಡು. ಹನ್ನೊಂದು ಕೊಕ್ಕೆಗಳಲ್ಲಿ ಹಿತ್ತಾಳೆ ಬಿಲ್ಲೆಗಳು ಹೊಳೆಯುತ್ತಿದ್ದವು, ಮಿಕ್ಕವು ಖಾಲಿ.

"ಇದು ಏನು?" ಅವಳ ದನಿ ತಾನಾಗಿ ಇಳಿದಿತ್ತು.

"ಓದು ಅರ್ಧಕ್ಕೆ ಬಿಟ್ಟು ಹೋದವರದ್ದು. ಬಿಟ್ಟು ಹೋದವರು ಅಂತ ನಾವು ಅನ್ನಲ್ಲ, ಹೊರಗೆ ಹೋಗಿರೋರು ಅಂತೀವಿ. ಬಿಲ್ಲೆ ಇಲ್ಲಿರೋವರೆಗೂ ಟೂಲ್ ರೂಮ್ ಸಹಿ ಹಾಕಲ್ಲ. ನಮ್ಮ ಸಹಿ ಇಲ್ದೆ ಮಿಕ್ಕವರು ಯಾರೂ ಹಾಕಲ್ಲ. ನಾಲ್ಕು ಸಹಿ ಇಲ್ದೆ ಆಫೀಸಿನವರು ಹೆಸರು ಹೊಡೆಯೋ ಹಾಗಿಲ್ಲ. ನಾನು ಹುಟ್ಟೋಕೂ ಮೊದಲಿಂದ ನಡ್ಕೊಂಡು ಬಂದಿದೆ ಇದು. ಪ್ರಿನ್ಸಿಪಾಲರಿಗೂ ಗೊತ್ತು. ಕೇಳಿದ್ರೆ ಗೊತ್ತಿಲ್ಲ ಅಂತಾರೆ."

ಕೊನೆಯ ಸಾಲಿನಲ್ಲಿ ಅವಳಿಗೆ ತನ್ನ ನಂಬರು ಕಂಡಿತು. ನಲವತ್ತೇಳು.

ಅವನು ಅದರ ಕೆಳಗಿನ ಗೂಡಿನಿಂದ ಕಂದು ಕಾಗದದ ಪೊಟ್ಟಣವೊಂದನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. "ಬಿಚ್ಚಿ ನೋಡಿ."

ಕಾಗದ ಬಿಡಿಸಿದಳು...

ಅವಳ ಜಾಬ್! ಆ ಮಧ್ಯಾಹ್ನ ಲೇತಿನಲ್ಲಿ ಕಚ್ಚಿಸಿಟ್ಟೇ ಓಡಿದ್ದ ಕಬ್ಬಿಣದ ಶಾಫ್ಟು. ನಾಲ್ಕು ಮೆಟ್ಟಿಲಾಗಿ ಕಡೆಯಬೇಕಿತ್ತು, ಎರಡು ಮುಗಿದಿದ್ದವು. ಮೂರನೆಯದು ಅರ್ಧದಲ್ಲಿ ನಿಂತಿತ್ತು, ಅವಳ ಬದುಕು ನಿಂತ ಜಾಗದಲ್ಲೇ. ತುದಿಯಲ್ಲಿ ಅವಳೇ ಗೀರಿದ್ದ ನಂಬರು.

ಹದಿನಾಲ್ಕು ತಿಂಗಳು. ಬರೀ ಕಬ್ಬಿಣ. ಒಂದು ಮಳೆಗಾಲ ಕಳೆದಿತ್ತು. ಅವಳು ಬೆರಳಾಡಿಸಿ ಹುಡುಕಿದಳು, ತಿರುಗಿಸಿ ತಿರುಗಿಸಿ ಹುಡುಕಿದಳು. ಸಾಸಿವೆ ಕಾಳಿನಷ್ಟು ತುಕ್ಕೂ ಇರಲಿಲ್ಲ!

"ತುಕ್ಕು... ಹೇಗೆ ಹಿಡಿದಿಲ್ಲ?"

"ತಿಂಗಳಿಗೊಂದು ಸಲ ಒರೆಸಿ ಎಣ್ಣೆ ಹಚ್ತೀವಿ. ಎಲ್ಲರದಕ್ಕೂ." ಅವನು ತಲೆ ಕೆರೆದುಕೊಂಡ. "ನಿಮ್ಮ ಕಾರ್ಡು ಹಾಕ್ತಿದ್ದಿದ್ದೂ ಅದೇ ದಿನ."

ಅವಳು ಬೆರಗಾಗಿ ಗೋಡೆಯನ್ನೇ ನೋಡುತ್ತ ನಿಂತಳು. ತಾನು ಡಬ್ಬಿಗಳಿಗೆ ಟೇಪು ಹಚ್ಚುತ್ತ, 'ಇನ್ನು ನನ್ನನ್ನು ಯಾರು ನೆನೆಯುತ್ತಾರೆ' ಎಂದುಕೊಳ್ಳುತ್ತಿದ್ದ ದಿನಗಳಲ್ಲಿ, ಇಲ್ಲೊಂದು ಕೋಣೆಯಲ್ಲಿ ತನ್ನ ಅರ್ಧ ಕೆಲಸಕ್ಕೆ ಯಾರೋ ಎಣ್ಣೆ ಹಚ್ಚುತ್ತಿದ್ದರು. ಇಡೀ ಕಾಲೇಜು ಒಂದು ಸಹಿ ಹಾಕದೆ ಸುಮ್ಮನೆ ಕೂತು ತನಗಾಗಿ ಕಾದಿತ್ತು. ಆ ಪುಸ್ತಕ! ಆ ಹಣೆಯ ಮೇಲಿನ ಕನ್ನಡಕ!

"ಈ ಖಾಲಿ ಕೊಕ್ಕೆಗಳು?"

"ತಿರುಗಿ ಬಂದವರದ್ದು. ಈ ಮೂರನೇದು ನಂದು." ಅವನು ಆ ಕೊಕ್ಕೆಯನ್ನು ಸವರಿದ. "ಅಣ್ಣ ತೀರಿಕೊಂಡಾಗ ಎರಡು ವರ್ಷ ಗಾರೆ ಕೆಲಸಕ್ಕೆ ಹೋಗಿದ್ದೆ. ಬಂದಾಗ ನನ್ನ ಜಾಬ್ ಹೀಗೇ ಇತ್ತು. ಅವತ್ತು ನಾನೂ ನಿಮ್ಮ ಥರಾನೇ ಅತ್ತೆ."

"ನಾನೇನೂ ಅಳ್ತಾ ಇಲ್ಲ!" ಎಂದಳು ಅವಳು, ಕೆನ್ನೆ ಒರೆಸಿಕೊಳ್ಳುತ್ತ. "ಮತ್ತೆ ಇದನ್ನೇ ಕಾರ್ಡಲ್ಲಿ ಬರೀಬಹುದಿತ್ತಲ್ಲ? ನಿಮ್ಮ ಜಾಗ ಹಾಗೇ ಇದೆ, ಬನ್ನಿ ಅಂತ?"

"ಟೂಲ್ ರೂಮಿಗೆ ಇರೋದು ಅದೊಂದೇ ಅಚ್ಚು ಹಾಕಿದ ಕಾರ್ಡು. ವರ್ನಿಯರ್ ಕೊಟ್ಟಿದೀನಿ ಅಂತ ನಿಮಗೆ ಗೊತ್ತು. ಆದ್ರೂ ಬಿಲ್ಲೆ ಕೊಕ್ಕೇಲಿದೆ ಅಂದ್ರೆ, ಯಾಕೆ ಅಂತ ಕೇಳೋಕಾದ್ರೂ ಬರ್ತೀರ ಅಂದ್ಕೊಂಡೆ. ಭಾರೀ ಬುದ್ಧಿವಂತಿಕೆ ಮಾಡಿದೆ ಅಂದ್ಕೊಂಡಿದ್ದೆ." ಅವನ ಮುಖ ಸಣ್ಣದಾಯಿತು. "ಕಳ್ಳಿ ಅಂದ ಹಾಗೆ ಕೇಳಿಸುತ್ತೆ ಅಂತ... ಆಣೆಗೂ ಹೊಳೀಲಿಲ್ಲ. ತಪ್ಪಾಯ್ತು."

ಆ ಕ್ಷಣ ಅವಳಿಗೆ ಬೆಳಗಿನ ಅಪ್ಪ ನೆನಪಾದರು. ಈಗ ಗೋಡೆ ಹಿಡಿದು ನಡೆಯುತ್ತಾರೆ, ಮಾತು ನಿಧಾನ. ದಿಂಬಿನ ಕೆಳಗಿಂದ ಕಾರ್ಡುಗಳ ಕಟ್ಟನ್ನು ತೆಗೆದುಕೊಟ್ಟು ಹೇಳಿದ್ದರು: "ಕಳ್ಳಿ ಅಂದ್ಕೊಂಡೋರು... ಹದಿನಾಲ್ಕು ಸಲ ಕರೀತಾರೇನಮ್ಮ? ಹೋಗಿ ಕೇಳ್ಕೊಂಡ್ ಬಾ." ಅವಳು ಆಗಲೂ ಸಿಟ್ಟಿನಲ್ಲೇ ಹೊರಟಿದ್ದಳು!

"ಬಂದ್ಳಾ ನಮ್ಮ ನಲವತ್ತೇಳು?"

ಬಾಗಿಲಲ್ಲಿ ಲೇತ್ ಮೇಡಂ. ನೀಲಿ ಕೋಟು, ಕಿವಿಯ ಹಿಂದೆ ಪೆನ್ಸಿಲು, ಕೈ ತುಂಬ ಗ್ರೀಸು. ಮೂವತ್ತು ವರ್ಷದಿಂದ ಮಕ್ಕಳಿಗೆ ಲೇತ್ ಕಲಿಸುತ್ತಿದ್ದ ಗಟ್ಟಿ ದನಿಯ ಹೆಂಗಸು. ಅವರು ಚೀಟಿಯನ್ನು ನೋಡಿದರು, ಅವಳ ಕೈಯಲ್ಲಿದ್ದ ಶಾಫ್ಟನ್ನೂ ನೋಡಿದರು.

"ಮಗಳೇ, ಹೋದ ವಾರ ನಿಮ್ಮನೆಗೆ ಬಂದಿದ್ದೆ. ನೀನು ಕೆಲಸಕ್ಕೆ ಹೋಗಿದ್ದೆ. ನಿಮ್ಮಪ್ಪ, 'ಎಳ್ಕೊಂಡು ಹೋದ್ರೆ ನಿಲ್ಲೋಳಲ್ಲ ಮೇಡಂ, ತಾನಾಗೇ ಬರ್ಲಿ, ನಾನು ಕಳಿಸ್ತೀನಿ' ಅಂದ್ರು. ಸೋಮವಾರದಿಂದ ಸಂಜೆ ಬ್ಯಾಚು ಶುರು. ನಾಲ್ಕರಿಂದ ಎಂಟು. ವರ್ಷಾನುಗಟ್ಟಲೆ ಕಾಡಿ ಬೇಡಿ ತಂದಿದೀನಿ. ಈ ಗೋಡೆ ಮೇಲೆ ಇರೋರಿಗೋಸ್ಕರಾನೇ. ಬೆಳಗ್ಗೆ ಪಾಳಿ ಕೇಳ್ಕೊ, ಸಂಜೆ ಇಲ್ಲಿಗೆ ಬಾ."

"ಅಂಕಪಟ್ಟಿ ಕೊಡದಿದ್ರೆ ಕಾಯಂ ಮಾಡಲ್ಲ ಮೇಡಂ."

"ಟೇಪು ಹಚ್ಚೋ ಕೆಲಸ ಕಾಯಂ ಆಗ್ಬೇಕಾ, ಲೇತ್ ನಡೆಸೋ ಟರ್ನರ್ ಆಗ್ಬೇಕಾ? ಬಲವಂತ ಇಲ್ಲ. ಹೋಗ್ತೀನಿ ಅಂದ್ರೆ ಈಗ್ಲೇ ನಾಲ್ಕೂ ಸಹಿ ನಾನೇ ನಿಂತು ಹಾಕಿಸ್ತೀನಿ. ಯೋಚನೆ ಮಾಡು." ಅಷ್ಟು ಹೇಳಿ ಮೇಡಂ ಹೊರಟುಬಿಟ್ಟರು. ಎಲ್ಲೋ ಒಂದು ಲೇತ್ ಕಿರುಗುಟ್ಟಿತ್ತು, ಅವರಿಗೆ ಅದು ಕೇಳಿಸಿತ್ತು.

ಅವಳು ಶಾಫ್ಟಿನ ಮೂರನೆಯ ಮೆಟ್ಟಿಲನ್ನು ಹೆಬ್ಬೆರಳಿನಿಂದ ಸವರಿದಳು. ನಾಳೆಯ ಗಡುವು ಅವಳಿಗೆ ನೆನಪಿತ್ತು. ಕಾಯಂ ಆಗದಿದ್ದರೆ ದಿನಗೂಲಿಯಲ್ಲೇ ಇರಬೇಕು, ಓದು ಮುಗಿಯುವ ತನಕ ಎರಡು ವರ್ಷ ಕಷ್ಟವೇ. ಆದರೆ ಈ ಅರ್ಧ ಮೆಟ್ಟಿಲು...

ಚೀಟಿಯನ್ನು ಎರಡಾಗಿ ಹರಿದಳು. ನಾಲ್ಕಾಗಿ ಹರಿದಳು.

ಅವನು ಬಿಗಿಹಿಡಿದಿದ್ದ ಉಸಿರನ್ನು ಬಿಟ್ಟ. ಅದು ಅವಳಿಗೆ ಈ ಸಲ ಕೇಳಿಸಿತು.

"ಒಂದು ಮಾತು ಕೇಳ್ಲಾ?" ಅವಳು ಹಲಗೆಯ ಕಡೆ ತಿರುಗಿದಳು. "ಇಲ್ಲಿರೋ ಹನ್ನೊಂದು ಜನಕ್ಕೂ ಹದಿನಾಲ್ಕು ಹದಿನಾಲ್ಕು ಕಾರ್ಡು ಹಾಕಿದೀರಾ?"

ಅವನು ಡ್ರಿಲ್ ಬಿಟ್ ಒರೆಸುವ ಬಟ್ಟೆಯನ್ನು ಮಡಿಚಿದ. ಬಿಡಿಸಿದ. ಮತ್ತೆ ಮಡಿಚಿದ.

"ಇಲ್ಲ... ಕಾಲೇಜಿನ ನಿಯಮ ಮೂರೇ ಕಾರ್ಡು. ಆಮೇಲೆ, ಓದೋಕೆ ಏನಾದ್ರೂ ದಾರಿ ಸಿಕ್ಕಾಗ ಮೇಡಂ ಮನೆಗೆ ಹೋಗ್ತಾರೆ."

"ಮತ್ತೆ ಮಿಕ್ಕ ಹನ್ನೊಂದು ಕಾರ್ಡು?"

"ಅವು ಕಾಲೇಜಿಂದಲ್ಲ." ಅವನ ಕಿವಿ ಕೆಂಪಾಗಿತ್ತು. "ನಂದು."

ಹನ್ನೊಂದು ತಿಂಗಳು! ಉತ್ತರವಿಲ್ಲದ ವಿಳಾಸಕ್ಕೆ, ಪ್ರೀತಿಯ ಒಂದಕ್ಷರವೂ ಇಲ್ಲದ ಅಚ್ಚಿನ ಕಾರ್ಡಿನಲ್ಲಿ, ತಪ್ಪದೆ ಹನ್ನೊಂದು ತಿಂಗಳು!

"ಅವತ್ತು ಬಿಲ್ಲೆ ಹಿಡ್ಕೊಂಡು ಗೇಟಿನವರೆಗೂ ಓಡಿ ಬಂದೆ," ಎಂದ ಅವನು ಮೆಲ್ಲಗೆ. "ನಿಮ್ಮ ಬಸ್ಸು ಹೋಗಿಬಿಟ್ಟಿತ್ತು. ನೀವು ಓದು ಮುಗಿಸೋವರೆಗೂ ನಾನು ಬೇರೆ ಏನೂ ಕೇಳಲ್ಲ. ಇಲ್ಲಿ ನಾನು ಕಿಟಕಿಯ ಈಚೆ, ನೀವು ಆಚೆ. ಅದು ನ್ಯಾಯ. ಗೊತ್ತಿರಲಿ ಅಂತ ಹೇಳ್ದೆ, ಅಷ್ಟೇ."

ಅವನು ಕೊಕ್ಕೆಯಿಂದ ಬಿಲ್ಲೆ ತೆಗೆದು ಅವಳ ಅಂಗೈಗಿಟ್ಟ. ನಲವತ್ತೇಳರ ಕೊಕ್ಕೆ ಖಾಲಿಯಾಯಿತು.

ಅವಳು ಬಿಲ್ಲೆ ಹಿಡಿದು ಹೊರಗೆ ಹೋದಳು. ಅವನ ಮುಖ ಬಾಡಿತು. ಮರುಕ್ಷಣ ಕಿಟಕಿಯ ಆಚೆಯಿಂದ ಟಣ್ ಎಂದು ಸದ್ದಾಯಿತು. ಕಟ್ಟೆಯ ಮೇಲೆ ಹಿತ್ತಾಳೆ ಬಿಲ್ಲೆ, ಅದರ ಹಿಂದೆ ಒದ್ದೆ ಕಣ್ಣಿನ ನಗು.

"ಒಂದು ವರ್ನಿಯರ್ ಕೊಡಿ. ಎಷ್ಟು ಕಡೆದಿದೀನಿ, ಎಷ್ಟು ಬಾಕಿ ಇದೆ ಅಂತ ಅಳೀಬೇಕು."

ಅವನು ಕೆಳಗಿನ ಖಾನೆಗೆ ಕೈ ಹಾಕಿ, ಆ ಹಳೆಯ ವರ್ನಿಯರನ್ನೇ ತೆಗೆದುಕೊಟ್ಟ. ಅದು ಇನ್ನೂ ಅಷ್ಟೇ ಸರಾಗವಾಗಿ ಜಾರುತ್ತಿತ್ತು.

"ಸಂಜೆ ವಾಪಸ್ ಕೊಡ್ಬೇಕು," ಎಂದ.

"ಕೊಡದಿದ್ರೆ?"

"ಕಾರ್ಡು ಬರುತ್ತೆ."

"ಬರ್ಲಿ," ಎಂದಳು ಅವಳು. "ಆದ್ರೆ ಮೂರಕ್ಕೇ ನಿಲ್ಲಿಸ್ಬೇಡಿ."