ಲೆನ್ಸ್ ನೋಡಿ, ಉಸ್ತಾ

"ಕೆಟ್ಟಿರೋದು ಕ್ಯಾಮೆರಾನೋ, ನಿಮ್ಮ ಕೈನೋ?"

ಅಶೂರ್ ಹಾಗೆ ಕೇಳಿದಾಗ ನನಗೆ ಮೈಯೆಲ್ಲ ಉರಿಯಿತು. ಅಂಗಡಿಗೆ ಬಂದು ಇನ್ನೂ ಕೂತಿರಲಿಲ್ಲ. ಕ್ಯಾಮೆರಾವನ್ನು ಎಡಗೈಯಲ್ಲಿ ಎತ್ತಿ ಮೇಜಿನ ಮೇಲಿಟ್ಟಿದ್ದೆ, ಅಷ್ಟೇ. ಅಷ್ಟರಲ್ಲೇ ನನ್ನ ಬಲ ಮಣಿಕಟ್ಟಿಗೆ ಸುತ್ತಿದ್ದ ಪಟ್ಟಿ ಅವನ ಕಣ್ಣಿಗೆ ಬಿದ್ದಿತ್ತು.

"ಕ್ಯಾಮೆರಾನೇ ಉಸ್ತಾ. ಶಟರ್ ಮತ್ತೆ ಕಚ್ಕೊಳ್ತಿದೆ."

"ಹೋದ ತಿಂಗಳು ತಾನೇ ಸರಿಮಾಡಿ ಕೊಟ್ಟೆ."

"ಹಾಗಾದ್ರೆ ಸರಿಯಾಗಿ ಮಾಡಿಲ್ಲ."

ಅವನು ನಕ್ಕ. ಅವನ ನಗು ಮೊದಲು ಕಣ್ಣಿನ ಮೂಲೆಗೆ ಬಂದು ಆಮೇಲೆ ನಿಧಾನವಾಗಿ ಬಾಯಿಗೆ ಇಳಿಯುತ್ತದೆ. ಅಷ್ಟು ಹೊತ್ತು ಅದನ್ನು ನೋಡದವಳ ಹಾಗೆ ಕೂತಿರುವುದು ನನ್ನ ಕೆಲಸ. ರಶೀದ್ ರಸ್ತೆಯ ಆ ಇಕ್ಕಟ್ಟಾದ ರಿಪೇರಿ ಅಂಗಡಿಯಲ್ಲಿ ಎಷ್ಟೋ ವರ್ಷದಿಂದ ಆ ಕೆಲಸವನ್ನು ಶ್ರದ್ಧೆಯಿಂದ ಮಾಡುತ್ತಾ ಬಂದಿದ್ದೇನೆ. ಬಾಗಿಲು ಸದಾ ತೆರೆದಿರುತ್ತದೆ, ಎದುರಿನ ಕಾಫಿಯವನು ನಮ್ಮಿಬ್ಬರನ್ನೂ ನೋಡುತ್ತಿರುತ್ತಾನೆ. ನಾನು ಉಸ್ತಾ ಎಂದಷ್ಟೇ ಕರೆಯುತ್ತೇನೆ, ರಿಪೇರಿಯವರನ್ನೆಲ್ಲ ಕರೆಯುವ ಹಾಗೆ.

"ಮೆಮೊರಿ ಕಾರ್ಡ್ ತೆಗೆದಿದ್ದೀರಾ?" ಪ್ರತಿ ಸಲವೂ ಕೇಳುವಂತೆ ಕೇಳಿದ.

"ತೆಗೆದಿದ್ದೀನಿ."

ನಾನು ಹೆಂಗಸರ ಕಡೆಯ ಫೋಟೋಗ್ರಾಫರ್. ನಮ್ಮ ಟ್ರಿಪೊಲಿಯ ಮದುವೆಗಳಲ್ಲಿ ಹೆಂಗಸರ ಹಾಲ್‌ನ ಬಾಗಿಲಲ್ಲೇ ಎಲ್ಲರ ಫೋನನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ಒಳಗೆ ತೆಗೆದ ಒಂದು ಫೋಟೋವೂ ಹೊರಗಿನ ಗಂಡಸಿನ ಕಣ್ಣಿಗೆ ಬೀಳಬಾರದು. ಬಿದ್ದರೆ ನನ್ನನ್ನು ಮತ್ತೆ ಯಾರೂ ಕರೆಯುವುದಿಲ್ಲ. ಹೀಗಾಗಿ ನನ್ನ ಕ್ಯಾಮೆರಾದ ಒಂದೊಂದು ಸ್ಕ್ರೂ ಅಶೂರ್‌ಗೆ ಗೊತ್ತು, ನಾನು ತೆಗೆದ ಒಂದು ಫೋಟೋ ಕೂಡ ಅವನು ನೋಡಿಲ್ಲ. ನನ್ನ ಹಣೆಬರಹ.

ಆ ದೊಡ್ಡ ಕ್ಯಾಮೆರಾ ನನ್ನ ಚಿಕ್ಕಮ್ಮ ಫೌಝಿಯಾಳದು. ಕಲ್ಲಿನಂಥ ಭಾರ. ಹಿಡಿಕೆಯ ರಬ್ಬರ್ ಅವಳ ಬೆರಳಿಗೂ ಆಮೇಲೆ ನನ್ನ ಬೆರಳಿಗೂ ಸವೆದಿದೆ. ಇನ್ನು ಅದನ್ನು ಎತ್ತಿದರೆ ಆಪರೇಷನ್ನೇ ಗತಿ ಎಂದು ಡಾಕ್ಟರ್ ಹೇಳಿದ್ದರು. ಮಾಲ್ಟಾದಲ್ಲಿರುವ ಅಣ್ಣ ಅದನ್ನು ಕೇಳಿ ಹೊಸದೊಂದನ್ನು ಕಳಿಸಿದ್ದ. ನಾನು ಅದನ್ನು ಕೈಚೀಲದಿಂದ ತೆಗೆದು ದೊಡ್ಡದರ ಪಕ್ಕ ಇಟ್ಟೆ. ಸಾಬೂನಿನ ಡಬ್ಬಿಯಷ್ಟಿತ್ತು.

"ಎರಡನ್ನೂ ನೋಡಿ ಉಸ್ತಾ. ನನ್ನ ಕೆಲಸಕ್ಕೆ ಯಾವುದು ಸರಿ ಅಂತ ನೀವೇ ಹೇಳ್ಬೇಕು."

ಅವನು ಪುಟ್ಟದನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. ಬಿಚ್ಚಲು ಎಲ್ಲಿಯೂ ದಾರಿ ಸಿಗಲಿಲ್ಲ.

"ದೊಡ್ಡದರ ಶಟರ್ ಸರಿಮಾಡಿ ಕೊಡ್ತೀನಿ, ಒಂದು ಮದುವೇಲಿ ಎರಡನ್ನೂ ಬಳಸಿ ಬನ್ನಿ," ಎಂದ ಕೊನೆಗೆ. "ಆಮೇಲೆ ಹೇಳ್ತೀನಿ. ಅಲ್ಲಿ ತನಕ ದೊಡ್ಡದನ್ನ ಎಡಗೈಲೇ ಎತ್ತಿ."

ದೊಡ್ಡದೇ ಇರಲಿ ಅನ್ನಲಿ ಎಂದು ನಾನು ಮನಸ್ಸಿನಲ್ಲೇ ದೇವರನ್ನು ಬೇಡಿಕೊಂಡೆ. ದೊಡ್ಡದು ಆಗಾಗ ಕೆಡುತ್ತದೆ. ಕೆಟ್ಟರೆ ತಾನೇ ನಾನು ಇಲ್ಲಿಗೆ ಬರುವುದು.

*

ಸೂಕ್ ಅಲ್-ಜುಮಾ ಬಡಾವಣೆಯ ಒಂದು ಮದುವೆಯಲ್ಲಿ ಪುಟ್ಟ ಕ್ಯಾಮೆರಾ ಹಿಡಿದು ಒಳಗೆ ಹೋದರೆ ಮದುಮಗಳ ಅತ್ತೆ ನನ್ನನ್ನೇ ಕೇಳಿದಳು, "ಫೋಟೋಗ್ರಾಫರ್ ಇನ್ನೂ ಬರಲಿಲ್ವೇನಮ್ಮ?"

"ನಾನೇ ಅತ್ತೆ."

"ಈ ಆಟಿಕೆ ಹಿಡ್ಕೊಂಡಾ?"

ದೊಡ್ಡದನ್ನು ಎತ್ತಿದೆ. ತಕ್ಷಣ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತರು. ಆದರೆ ಪುಟ್ಟದನ್ನು ಹಿಡಿದಾಗ ಯಾರೂ ನನ್ನನ್ನು ಗಮನಿಸಲಿಲ್ಲ. ಮದುಮಗಳ ಅಜ್ಜಿ ಮೂಲೆಯಲ್ಲಿ ಕೂತು ಮೊಮ್ಮಗಳ ಗೋರಂಟಿಯ ಕೈಯನ್ನು ಕೆನ್ನೆಗೆ ಒತ್ತಿಕೊಂಡು ಅಳುತ್ತಿದ್ದಳು. ಸದ್ದಿಲ್ಲದೆ ಆ ಫೋಟೋ ಬಂತು. ದೊಡ್ಡದಾಗಿದ್ದರೆ ಅದರ ಟಕ್ ಎನ್ನುವ ಸದ್ದಿಗೆ ಅವಳು ಕಣ್ಣೊರೆಸಿಕೊಂಡು ನಕ್ಕುಬಿಡುತ್ತಿದ್ದಳು. ಪುಟ್ಟದು ಗೆದ್ದದ್ದು ನನಗೆ ಖುಷಿ ಕೊಡಲಿಲ್ಲ. ಕರೆಂಟ್ ಹೋಗಿ ಜನರೇಟರ್ ಶುರುವಾಗುವ ಹೊತ್ತಿಗೆ ಪುಟ್ಟದರ ಬ್ಯಾಟರಿಯೂ ಸತ್ತಿತು. ಅದಕ್ಕೆ ಮಾತ್ರ ಖುಷಿಪಟ್ಟೆ.

ಆಗ ಯಾರೋ ನನ್ನ ತೋಳು ಹಿಡಿದೆಳೆದರು. ಬಿಳಿ ಹೊದಿಕೆಯ, ಕೈತುಂಬ ಚಿನ್ನದ ಬಳೆಗಳ ದೊಡ್ಡ ಹೆಂಗಸು.

"ಇಲ್ಲಿ ಬಾ ಮಗಳೇ. ನೀನು ಊರಿನ ಹುಡುಗೀರನ್ನೆಲ್ಲ ನೋಡ್ತಿರ್ತೀಯ. ನನ್ನ ಮಗನಿಗೆ ಒಬ್ಬಳನ್ನ ತೋರಿಸು."

ಇದು ನನಗೆ ಹೊಸದಲ್ಲ. ಗಂಡುಮಕ್ಕಳ ತಾಯಂದಿರು ಮದುವೆಗೆ ಬರುವುದೇ ಇದಕ್ಕೆ. ಹಸಿರು ಲಂಗದವಳು ಯಾರ ಮಗಳು, ಆ ಗುಂಗುರು ಕೂದಲಿನವಳಿಗೆ ನಿಶ್ಚಯ ಆಗಿದೆಯಾ, ಎಲ್ಲವನ್ನೂ ಫೋಟೋಗ್ರಾಫರನ್ನೇ ಕೇಳುತ್ತಾರೆ. ಕರಿ ಪ್ಯಾಂಟು ಹಾಕಿ, ಕೂದಲು ಗಂಟು ಕಟ್ಟಿ, ಬೆವರು ಒರೆಸಿಕೊಳ್ಳುತ್ತಾ ಓಡಾಡುವ ನನ್ನನ್ನು ಮಾತ್ರ ಯಾರೂ ಹುಡುಗಿಯರ ಲೆಕ್ಕಕ್ಕೆ ಸೇರಿಸುವುದಿಲ್ಲ.

"ಮಗ ಏನು ಮಾಡ್ತಾನೆ ಹಜ್ಜಾ?" ಹಿರಿಯ ಹೆಂಗಸರನ್ನೆಲ್ಲ ನಾವು ಕರೆಯುವುದು ಹಾಗೆ.

"ರಶೀದ್ ರಸ್ತೇಲಿ ಕ್ಯಾಮೆರಾ ರಿಪೇರಿ. ಅಶೂರ್ ಅಂತ. ಬಾಯಿ ಇಲ್ಲದ ಹುಡುಗ. ಕೇಳಿದ್ರೆ ನಿಮ್ಮಿಷ್ಟ ಅಮ್ಮ ಅಂತಾನೆ, ಹುಡುಗಿ ಹೆಸರು ಹೇಳಿದ್ರೆ ಬೇಡ ಅಂತಾನೆ."

"ಎಂಥ ಹುಡುಗಿ ಬೇಕು?" ಎಂದು ಹೇಗೋ ಕೇಳಿದೆ.

"ಗುಣ ಇರ್ಬೇಕು. ಮುಖ್ಯವಾಗಿ ಮಣಿಕಟ್ಟು ಗಟ್ಟಿ ಇರ್ಬೇಕು. ಬಾಝೀನ್ ಇಲ್ಲದೆ ನಮ್ಮನೇಲಿ ಶುಕ್ರವಾರ ಆಗಲ್ಲ. ಜವೆ ಹಿಟ್ಟಿನ ಮುದ್ದೆ, ಕೋಲು ಹಾಕಿ ತಿರುವೋದು ಅಂದ್ರೆ ಹುಡುಗಾಟ ಅಲ್ಲ. ನನ್ನ ಕೈ ಸೋತು ಹೋಗಿದೆ."

ನಾನು ಅಂಗಿಯ ತೋಳನ್ನು ಮೆಲ್ಲಗೆ ಪಟ್ಟಿಯ ಮೇಲೆ ಎಳೆದುಕೊಂಡೆ.

"ಮುಂದಿನ ಗುರುವಾರ ನನ್ನ ತಂಗಿ ಮಗಳ ಮದುವೆ. ನೀನೇ ಬರ್ತೀಯಲ್ಲ? ಅಷ್ಟರಲ್ಲಿ ಒಂದು ಹೆಸರು ಹೇಳು. ರಂಜಾನ್‌ಗೆ ಮೊದಲು ನಿಶ್ಚಯ ಮುಗಿಸಿಬಿಡ್ತೀನಿ," ಎಂದರು ಹಜ್ಜಾ ಮಬ್ರೂಕಾ. ಹೋಗುವಾಗ ನನ್ನ ಕೆನ್ನೆ ತಟ್ಟಿ ಹೋದರು.

*

"ಪುಟ್ಟದನ್ನ ತಗೊಳ್ಳಿ," ಎಂದ ಅಶೂರ್.

ನಾನು ಕುರ್ಚಿ ಎಳೆದು ಕೂತು ಜಗಳಕ್ಕೆ ಸಿದ್ಧಳಾದೆ. "ಮದುವೆ ಮಧ್ಯೆ ಬ್ಯಾಟರಿ ಸತ್ತುಹೋಯ್ತು."

"ಇನ್ನೆರಡು ಜೇಬಲ್ಲಿ ಇಟ್ಕೊಳ್ಳಿ."

"ಕರೆಂಟ್ ಹೋದಾಗ? ಮಂಕು ಬೆಳಕಲ್ಲಿ ದೊಡ್ಡದರ ಮುಂದೆ ಇದು ನಿಲ್ಲುತ್ತಾ?"

"ದೊಡ್ಡದು ಅದರ ಕಾಲಕ್ಕೆ ರಾಜ. ಇದರೊಳಗಿನ ಸೆನ್ಸರ್ ಚಿಕ್ಕದು, ಆದ್ರೆ ಎಷ್ಟೋ ವರ್ಷ ಈಚಿನದು. ಮಂಕು ಬೆಳಕಲ್ಲಿ ಹೆಚ್ಚುಕಮ್ಮಿ ಸಮ. ಇದು ಕಣ್ಣನ್ನ ತಾನೇ ಹುಡುಕಿ ಹಿಡ್ಕೊಳ್ಳುತ್ತೆ, ದೊಡ್ಡದರಲ್ಲಿ ಆ ಕೆಲಸ ನೀವೇ ಮಾಡ್ಬೇಕು."

"ಜನ ಆಟಿಕೆ ಅಂತಾರೆ."

"ಮಣಿಕಟ್ಟು ಹೋದ್ಮೇಲೆ ಜನರ ಗೌರವ ಇಟ್ಕೊಂಡು ಏನ್ಮಾಡ್ತೀರಿ?"

"ಕೆಟ್ಟರೆ?"

ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. "ಬೇಗ ಕೆಡಲ್ಲ. ಕೆಟ್ಟರೂ ಇದನ್ನ ನಾನು ಬಿಚ್ಚೋಕಾಗಲ್ಲ. ಕಂಪನಿಗೇ ಕಳಿಸ್ಬೇಕು."

"ಅಂದ್ರೆ ನಾನು ಇಲ್ಲಿಗೆ ಬರೋ ಕೆಲಸವೇ ಇರಲ್ಲ."

"ಇರಲ್ಲ."

ಎಷ್ಟು ಸಲೀಸಾಗಿ ಅಂದುಬಿಟ್ಟ. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಸಿಟ್ಟು ಬಂದರೆ ನನಗೆ ಹಟ ಹೆಚ್ಚು.

"ಬಾಯಿಮಾತು ನಾನು ನಂಬಲ್ಲ. ಎರಡರಲ್ಲೂ ತೆಗೆದು ಪಕ್ಕಪಕ್ಕ ಇಟ್ಟು ನೋಡೋಣ. ಮದುವೆ ಫೋಟೋ ನಿಮಗೆ ತೋರಿಸೋ ಹಾಗಿಲ್ಲ. ಖಾಲಿ ಕಾರ್ಡ್ ಹಾಕ್ತೀನಿ, ನೀವೇ ಕೂತ್ಕೊಳ್ಳಿ."

"ನಾನಾ?"

"ಇಲ್ಲಿ ಇನ್ಯಾರಿದ್ದಾರೆ?"

ಕೂತ. ಅಂಗಿಯ ಕಾಲರ್ ಸರಿಮಾಡಿಕೊಂಡ. ನಾನು ಮೊದಲು ದೊಡ್ಡದನ್ನು ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಅದನ್ನು ಎತ್ತಿದರೆ ನನ್ನ ಇಡೀ ಮುಖ ಅದರ ಹಿಂದೆ ಅಡಗುತ್ತದೆ. ಟಕ್ ಎಂದಾಗಲೆಲ್ಲ ಒಳಗಿನ ಕನ್ನಡಿ ಏಳುತ್ತದೆ, ಆ ಕ್ಷಣ ನನಗೆ ಕತ್ತಲೆ. ಅವನು ಪಾಸ್‌ಪೋರ್ಟ್ ಆಫೀಸಿನಲ್ಲಿ ಕೂತವನ ಹಾಗೆ ಕೂತಿದ್ದ. ಮಣಿಕಟ್ಟು ನೋಯತೊಡಗಿದಾಗ ದೊಡ್ಡದನ್ನು ಕೆಳಗಿಟ್ಟೆ.

ಪುಟ್ಟದನ್ನು ಕಣ್ಣಿಗೆ ಹಿಡಿಯಬೇಕಾಗಿಲ್ಲ. ಹೊಟ್ಟೆಯ ಹತ್ತಿರ ಹಿಡಿದು, ಅದರ ಪರದೆಯನ್ನು ಮೇಲಕ್ಕೆ ಮಡಚಿ, ಬಗ್ಗಿ ನೋಡಿದರೆ ಸಾಕು.

"ಲೆನ್ಸ್ ನೋಡಿ, ಉಸ್ತಾ."

"ನೋಡ್ತಿದ್ದೀನಿ."

ಎರಡರ ಫೋಟೋಗಳನ್ನೂ ಅವನ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟೆವು. ನನ್ನ ಫೋಟೋ ಅವನು ನೋಡಿದ್ದು ಅದೇ ಮೊದಲು. ನನಗೆ ಪರೀಕ್ಷೆಗೆ ಕೂತ ಹಾಗಿತ್ತು.

"ಇಲ್ಲಿ ನೋಡಿ," ಎಂದೆ, ಗೆಲ್ಲುವ ಆಸೆಯಿಂದ. "ದೊಡ್ಡದರಲ್ಲಿ ನಿಮ್ಮ ಹಿಂದಿನದೆಲ್ಲ ಬೆಣ್ಣೆ ಥರ ಕರಗಿದೆ. ಪುಟ್ಟದರಲ್ಲಿ ಗೋಡೆ ಮೇಲಿನ ಇಕ್ಕಳ, ಸ್ಕ್ರೂಡ್ರೈವರ್, ಎಲ್ಲ ಎದ್ದು ಕಾಣ್ತಿವೆ."

"ಹೌದು. ಅದೊಂದರಲ್ಲಿ ದೊಡ್ಡದೇ ಮೇಲು."

"ಕಣ್ಣು ನೋಡೋಣ," ಎಂದು ಹಿಗ್ಗಿಸಿದೆ.

ದೊಡ್ಡದರಲ್ಲಿ ಅವನ ಕಣ್ಣು ನೇರ ಲೆನ್ಸಿನಲ್ಲಿ ನೆಟ್ಟಿತ್ತು. ಎಲ್ಲದರಲ್ಲೂ ಹಾಗೇ. ಪುಟ್ಟದರಲ್ಲಿ ರೆಪ್ಪೆಯ ಒಂದೊಂದು ಕೂದಲೂ ಎಣಿಸುವಷ್ಟು ಸ್ಪಷ್ಟ. ಆದರೆ ನೋಟ ಮೇಲಕ್ಕಿತ್ತು. ಮುಂದಿನದರಲ್ಲೂ ಮೇಲಕ್ಕೆ. ಅದರ ಮುಂದಿನದರಲ್ಲಿ ಆ ನಗು ಕಣ್ಣಿನ ಮೂಲೆಗೆ ಬಂದಿತ್ತು, ಬಾಯಿಗೆ ಇನ್ನೂ ಇಳಿದಿರಲಿಲ್ಲ.

"ನೀವು ಲೆನ್ಸ್ ನೋಡ್ಲೇ ಇಲ್ಲ," ಎಂದೆ.

ಅವನ ಕಿವಿಗಳೆರಡೂ ಕೆಂಪಾದವು.

"ದೊಡ್ಡದರಲ್ಲಿ ನೋಡಿದ್ದೀರಿ."

"ಅದನ್ನ ಹಿಡಿದ್ರೆ ನಿಮ್ಮ ಮುಖ ಕಾಣಲ್ಲ. ಲೆನ್ಸ್ ಬಿಟ್ಟು ಬೇರೆ ಏನು ನೋಡ್ಲಿ?"

ಹೊರಗೆ ಯಾರದೋ ಕಾರು ಹಾರ್ನ್ ಹೊಡೆಯುತ್ತಲೇ ಇತ್ತು. ನನಗೆ ಎಲ್ಲಿ ನೋಡಬೇಕೋ ತಿಳಿಯದೆ ಪರದೆಯನ್ನೇ ನೋಡಿದೆ. ಅಲ್ಲೂ ಅವನೇ ಇದ್ದ.

"ಅದಕ್ಕೋಸ್ಕರ ಪುಟ್ಟದನ್ನ ತಗೊಳ್ಳಿ ಅಂದೆ ಅನ್ಕೋಬೇಡಿ," ಎಂದ ತಗ್ಗಿದ ದನಿಯಲ್ಲಿ. "ನಿಮ್ಮ ಕೈಗೋಸ್ಕರ ಅಂದೆ. ಅನ್ನೋಕೆ ಎಷ್ಟು ಒದ್ದಾಡಿದ್ದೀನಿ ನನಗೇ ಗೊತ್ತು. ದೊಡ್ಡದೇ ಇರ್ಲಿ ಅಂದಿದ್ರೆ ನೀವು ಬರ್ತಾನೇ ಇರ್ತಿದ್ರಿ."

ನನಗೆ ಅಳು ಬಂತು. ಸಂತೋಷಕ್ಕಲ್ಲ, ಸಂಕಟಕ್ಕೆ. "ನಿಮಗೆ ಹುಡುಗಿ ಹುಡುಕೋ ಕೆಲಸ ನಿಮ್ಮಮ್ಮ ನನಗೇ ಕೊಟ್ಟಿದ್ದಾರೆ ಉಸ್ತಾ. ಗುರುವಾರ ಹೆಸರು ಹೇಳ್ಬೇಕು. ಬಾಝೀನ್ ತಿರುವೋಕೆ ಗಟ್ಟಿ ಮಣಿಕಟ್ಟಿನವಳೇ ಬೇಕಂತೆ."

ಅವನ ಮುಖ ಬಿಳಚಿಕೊಂಡಿತು.

"ನೀವೇ ಹೇಳ್ಬಾರ್ದಾ?" ಎಂದು ನಾಚಿಕೆ ಬಿಟ್ಟು ಕೇಳಿದೆ.

"ನಾನು ನಿಮ್ಮ ಹೆಸರು ಎತ್ತಿದ ಕೂಡಲೇ ಅವಳನ್ನ ಎಲ್ಲಿ ನೋಡಿದೆ ಅಂತಾರೆ. ಅಂಗಡೀಲಿ ಅಂದ್ರೆ, ಅದು ನಾಳೆ ಊರೆಲ್ಲ. ಆಮೇಲೆ ಯಾರ ಮನೆ ಹೆಂಗಸರು ನಿಮ್ಮ ಕ್ಯಾಮೆರಾ ಮುಂದೆ ಕೂರ್ತಾರೆ, ತಿಬ್ರಾ? ಗಂಡಸಿನ ಬಾಯಿಂದ ಶುರುವಾಗೋ ಮಾತಲ್ಲ ಇದು."

ಸುಳ್ಳಲ್ಲ. ಅದಕ್ಕೇ ಇನ್ನೂ ಸಂಕಟ. ನನ್ನ ಹೆಸರು ಅವನ ಬಾಯಲ್ಲಿ ಕೇಳಿದ್ದು ಅದೇ ಮೊದಲಾಗಿತ್ತು, ಅದನ್ನು ಸವಿಯುವುದಕ್ಕೂ ಪುರುಸೊತ್ತಿರಲಿಲ್ಲ.

"ಮತ್ತೆ ಆ ಬಾಝೀನ್ ವಿಷಯ ಇದೆಯಲ್ಲ..." ಎಂದು ಏನೋ ಹೇಳಹೊರಟ. ಅಷ್ಟರಲ್ಲಿ ಗಿರಾಕಿಗಳು ಬಂದರು. ನಾನು ಪುಟ್ಟದನ್ನು ಚೀಲಕ್ಕೆ ಹಾಕಿಕೊಂಡು ಹೊರಟೆ. ದೊಡ್ಡದನ್ನು ಅವನ ಮೇಜಿನ ಮೇಲೇ ಬಿಟ್ಟೆ.

*

ಗುರುವಾರ ಹಾಲ್‌ನಲ್ಲಿ ಒಂದು ಕಡೆ ದರ್ಬುಕ ಡೋಲಿನ ಬಡಿತ, ಇನ್ನೊಂದು ಕಡೆ ಹೆಂಗಸರ ಉಲುಲು ಕೂಗು. ಹಜ್ಜಾ ಮುಂದಿನ ಸಾಲಿನಲ್ಲೇ ಕೂತಿದ್ದರು. ನಾನು ಅವರ ಕಣ್ಣು ತಪ್ಪಿಸಿ ಸುತ್ತಿದೆ. ಇವಳು ಹೇಗೆ, ಅವಳು ಹೇಗೆ ಎಂದು ನಿಜವಾಗಿಯೂ ಹುಡುಗಿಯರನ್ನು ನೋಡಿದೆ. ಒಬ್ಬೊಬ್ಬಳ ಮಣಿಕಟ್ಟೂ ಕಂಬದ ಹಾಗೆ ಕಂಡಿತು. ಒಂದು ಹೆಸರು ಹೇಳಿಬಿಟ್ಟರೆ ಮುಗಿಯಿತು. ಆ ಮದುವೆಯ ಫೋಟೋವನ್ನೂ ನಾನೇ ತೆಗೆಯಬೇಕಾಗುತ್ತದೆ. ಅದು ಹೊಳೆದಾಗ ಅಲ್ಲೇ ನಿಂತುಬಿಟ್ಟೆ.

"ಏನಮ್ಮ, ಸಿಕ್ಕಳಾ?" ಹಜ್ಜಾ ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು.

"ಸಿಕ್ಕಿದ್ದಾಳೆ ಹಜ್ಜಾ."

"ಎಲ್ಲಿ? ತೋರಿಸು."

ಕ್ಯಾಮೆರಾ ಹಿಡಿದ ಕೈಯನ್ನು ಮುಂದಕ್ಕೆ ಚಾಚಿದೆ. ಪರದೆಯನ್ನು ನಮ್ಮ ಕಡೆಗೆ ತಿರುಗಿಸಿದೆ. ಚಿಕ್ಕಮ್ಮನ ಕ್ಯಾಮೆರಾದಲ್ಲಿ ಆಗದ ಕೆಲಸ ಅದು. ಪರದೆಯಲ್ಲಿ ಹಜ್ಜಾ ಮಬ್ರೂಕಾ ಕಂಡರು. ಪಕ್ಕದಲ್ಲಿ ಬೆವೆತ ಹಣೆಯ, ಕೂದಲು ಗಂಟು ಕಟ್ಟಿದ ನಾನು.

"ಇವಳೇ," ಎಂದೆ. "ಮಣಿಕಟ್ಟೊಂದು ಕೆಟ್ಟಿದೆ." ಅಂಗಿಯ ತೋಳು ಜಾರಿ ಪಟ್ಟಿ ಪೂರ್ತಿ ಕಾಣುತ್ತಿತ್ತು. ಈ ಸಲ ಮುಚ್ಚಲಿಲ್ಲ.

ಹಜ್ಜಾ ಪರದೆಯಲ್ಲಿದ್ದ ನನ್ನನ್ನೇ ನೋಡಿದರು. ನನಗೆ ನೆಲ ಬಾಯಿಬಿಟ್ಟು ನುಂಗಿಬಿಡಲಿ ಅನ್ನಿಸಿತು. ಕೈ ಚಾಚಿಯೇ ಇತ್ತು, ಇಳಿಸುವ ಧೈರ್ಯವೂ ಇರಲಿಲ್ಲ.

"ನನ್ನ ಮಗನಿಗೆ ಗೊತ್ತಾ?"

"ಅವರು ನನ್ನ ಒಂದು ಮದುವೆ ಫೋಟೋನೂ ನೋಡಿಲ್ಲ ಹಜ್ಜಾ. ಪ್ರತಿ ಸಲ ಕಾರ್ಡ್ ತೆಗೆದಿದ್ದೀರಾ ಅಂತ ಕೇಳ್ತಾರೆ."

"ನಾನು ಕೇಳಿದ್ದು ಅದಲ್ಲ." ಆಮೇಲೆ ಅವರೇ, "ಹಸಿರು ಲಂಗದವಳೂ ಬೇಡ, ಅವಳೂ ಬೇಡ, ಇವಳೂ ಬೇಡ. ಈಗ ಗೊತ್ತಾಯ್ತು," ಎಂದು ಉಸಿರುಬಿಟ್ಟರು. ಹೊದಿಕೆ ಸರಿಮಾಡಿಕೊಂಡು ನನ್ನ ಕಿವಿಯ ಹತ್ತಿರ ಬಗ್ಗಿದರು. "ನನ್ನ ಕೈ ಸೋತ ಮೇಲೆ ನಮ್ಮನೇಲಿ ಬಾಝೀನ್ ತಿರುವೋನು ಯಾರು ಅನ್ಕೊಂಡೆ? ಅಶೂರೇ. ಬಾಗಿಲು ಹಾಕ್ಕೊಂಡು ಮಾಡ್ತಾನೆ. ಹೊರಗೆ ಬಾಯಿಬಿಟ್ಟೆಯೋ, ನೋಡು ಮತ್ತೆ. ಸೊಸೆ ಬಂದ್ರೆ ಪಾಪ ಅವನಿಗೆ ಬಿಡುವು ಸಿಗಲಿ ಅಂತಿದ್ದೆ. ಹೋಗ್ಲಿ, ಅವನ ಹಣೇಲಿ ಇಲ್ಲ."

ನನಗೆ ನಗು ಬಂತು, ಕಣ್ಣೀರೂ ಬಂತು. ಪರದೆಯಲ್ಲಿ ಎರಡೂ ಕಾಣುತ್ತಿತ್ತು.

"ತೆಗಿ ಮತ್ತೆ. ಎಷ್ಟು ಹೊತ್ತು ಕೈ ಚಾಚಿರ್ತೀಯ, ನೋಯಲ್ವಾ?"

"ಲೆನ್ಸ್ ನೋಡಿ, ಹಜ್ಜಾ."

"ನೋಡ್ತಿದ್ದೀನಿ," ಎಂದರು, ನನ್ನ ಕಡೆ ತಿರುಗಿ.