ಹೇಗರ್‌ಫೆಲ್ಟ್ ಮನೆತನದ ಫಲಕ

1968ರ ಫೆಬ್ರವರಿ 16, ಶುಕ್ರವಾರ. ಬೆಳಿಗ್ಗೆ 8 ಗಂಟೆ 10 ನಿಮಿಷಕ್ಕೆ ಪಾದ್ರಿ ವಾಲೀನ್ ಆಸ್ಕ್‌ವೀಕ್ ಠಾಣೆಯೊಳಗೆ ಬಂದರು. ಟೋಪಿಯ ಮೇಲಿನ ಹಿಮವನ್ನೂ ಕೊಡವಿರಲಿಲ್ಲ.

"ಫಲಕ ಹೋಯ್ತು ಇನ್‌ಸ್ಪೆಕ್ಟರೇ. ನಾಳೆ ಒಂದು ಗಂಟೆಗೆ ಒಡೀಬೇಕಾಗಿದ್ದ ಫಲಕ."

ಇನ್‌ಸ್ಪೆಕ್ಟರ್ ಸಿಕ್ಸ್ಟನ್ ಓಮಾನ್ ದೂರಿನ ಪುಸ್ತಕ ತೆರೆದರು. ಯಾವ ಫಲಕ ಎಂದು ಕೇಳಬೇಕಾಗಿರಲಿಲ್ಲ. ಬ್ಯಾರನ್ ಕ್ಲಾಸ್ ಹೇಗರ್‌ಫೆಲ್ಟ್ ತೀರಿಕೊಂಡು ಹನ್ನೊಂದು ದಿನವಾಗಿತ್ತು. ಮದುವೆಯಾದವರಲ್ಲ, ಮಕ್ಕಳಿಲ್ಲ. ಅಂಥ ಮನೆತನದ ಕೊನೆಯ ಗಂಡಸನ್ನು ಮಣ್ಣು ಮಾಡುವಾಗ ಲಾಂಛನದ ಫಲಕವನ್ನು ಶವಪೆಟ್ಟಿಗೆಯ ಮೇಲೆ ಒಡೆದು, ಈ ವಂಶ ಮುಗಿಯಿತು ಎಂದು ಸಾರುವುದು ಪದ್ಧತಿ. ಒಡೆಯಲು ಸ್ಟಾಕ್‌ಹೋಮಿನಿಂದ ಒಬ್ಬ ಕೌಂಟ್ ಬರುವವರಿದ್ದರು.

"ಮನೆತನದವರು ಇನ್ಯಾರಿದ್ದಾರೆ?"

"ಯಾರೂ ಇಲ್ಲ. ಅದಕ್ಕೇ ತಾನೆ ಒಡೆಯೋದು?"

ಓಮಾನ್ ಹಾಗೇ ಬರೆದುಕೊಂಡರು. ಉಳಿದ ಕುಟುಂಬದವರು: ಯಾರೂ ಇಲ್ಲ.

9 ಗಂಟೆ 5 ನಿಮಿಷಕ್ಕೆ ಚರ್ಚಿನಲ್ಲಿ ಮಹಜರು ಶುರುವಾಯಿತು. ಪಾದ್ರಿಗಳ ಕೋಣೆಯಲ್ಲಿ ಬೆಳ್ಳಿಯ ದೀಪಸ್ತಂಭಗಳು ಇದ್ದಲ್ಲೇ ಇದ್ದವು. ಗೋಡೆಯ ಮೇಲೆ 1683ರ ಮೂಲ ಫಲಕವೂ ಇತ್ತು. ಅದನ್ನು ಇಳಿಸಲು ನಾಲ್ಕು ಆಳು ಬೇಕು. ಹೋಗಿದ್ದು ಒಡೆಯಲೆಂದೇ ಮಾಡಿಸಿದ ಹೊಸ ಫಲಕ, ಒಂಟಿಕಾಲಲ್ಲಿ ನಿಂತ ಬಕಪಕ್ಷಿಯ ಚಿತ್ರವಿದ್ದದ್ದು. ಅದನ್ನು ಮಾಡಿದ ಬಡಗಿ ಕನೂಟ್ ಸಾಕ್ಷಿಯಾಗಿ ನಿಂತಿದ್ದ.

"ಎಷ್ಟು ಬೆಲೆ ಬಾಳತ್ತೆ?"

"ಬೆಲೆ ಏನ್ ಬಂತು ಸಾರ್, ಒಲೆಗೆ ಹಾಕೋ ಮರ. ಹಿಂದುಗಡೆ ಗರಗಸದಲ್ಲಿ ಉದ್ದಕ್ಕೂ ಅರ್ಧ ಕುಯ್ದಿಟ್ಟಿದ್ದೆ. ಒಂದೇ ಏಟಿಗೆ ಎರಡು ಹೋಳಾಗ್ಬೇಕಲ್ಲ. ಕೌಂಟ್ ಸಾಹೇಬ್ರಿಗೆ ಎಪ್ಪತ್ತೆಂಟು ವರ್ಷ."

"ಇನ್ನೊಂದು ಮಾಡೋಕಾಗತ್ತಾ?"

"ಬಣ್ಣ ಒಣಗೋಕೇ ಮೂರು ದಿನ. ಈ ಚಳೀಲಿ ನಾನೇ ಒಣಗ್ತಿಲ್ಲ."

"ಸಿಗ್ಲಿಲ್ಲ ಅಂದ್ರೆ ಗೋಡೆ ಮೇಲಿಂದೇ ಇಳಿಸಿ ಒಡೀಬೇಕು," ಎಂದರು ಪಾದ್ರಿ. ಅವರ ದನಿ ಸಣ್ಣದಾಗಿತ್ತು.

ಕಾನ್‌ಸ್ಟೇಬಲ್ ಯೆರ್ಕರ್ ಪಕ್ಕದ ಬಾಗಿಲ ಹೊರಗೆ ಕುಕ್ಕರುಗಾಲಲ್ಲಿ ಕೂತಿದ್ದ. ಹಿಮದ ಮೇಲೆ ಎರಡು ತೆಳು ಗೆರೆ, ನಡುವೆ ಒಂದೇ ಕಾಲಿನ ಗುರುತುಗಳು. ರಸ್ತೆ ಮುಟ್ಟುತ್ತಲೇ ಅವು ಬೇರೆ ಗೆರೆಗಳಲ್ಲಿ ಕಲೆತುಹೋಗಿದ್ದವು. ಒದೆಗಾಡಿ: ಮುಂದೊಂದು ಕುರ್ಚಿ, ಕೆಳಗೆ ಉಕ್ಕಿನ ಎರಡು ಪಟ್ಟಿ, ಹಿಂದೆ ನಿಂತು ಒಂದು ಕಾಲಲ್ಲಿ ನೆಲ ಒದ್ದರೆ ಜಾರಿಕೊಂಡು ಹೋಗುತ್ತದೆ.

"ಈ ಊರಲ್ಲಿ ಒದೆಗಾಡಿ ಇಲ್ಲದ ಮನೆ ಯಾವ್ದು ಸಾರ್?"

"ಯಾವ್ದೂ ಇಲ್ಲ."

"ಹಂಗಾದ್ರೆ ಇಡೀ ಊರನ್ನ ಒಳಗೆ ಹಾಕೋಣ. ಕಾವಲಿಗೆ ಯಾರೂ ಉಳಿಯಲ್ಲ ಅಷ್ಟೆ."

ಬೀಗ ಒಡೆದಿರಲಿಲ್ಲ. ಆ ಪಕ್ಕದ ಬಾಗಿಲು ಹೇಗರ್‌ಫೆಲ್ಟ್ ಮನೆತನದವರು ಹೊರಗಿನಿಂದ ನೇರವಾಗಿ ಚರ್ಚಿನ ತಮ್ಮ ಆಸನಕ್ಕೆ ಬರಲೆಂದು ಇದ್ದದ್ದು.

"ಕೀಲಿ ಯಾರ ಹತ್ರ ಇರತ್ತೆ?"

"ಒಂದು ನನ್ನ ಹತ್ರ. ಇನ್ನೊಂದು ಬ್ಯಾರನ್ನರ ಹತ್ರ," ಎಂದರು ಪಾದ್ರಿ. "ಅವರು ಪೆಟ್ಟಿಗೇಲಿದ್ದಾರೆ."

ಶುಕ್ರವಾರವಿಡೀ ಇಬ್ಬರೂ ಮನೆಮನೆಯ ಒದೆಗಾಡಿಗಳ ಅಗಲ ಅಳೆದರು. ಎಲ್ಲಿ ಹೋದರೂ ಹೇಗರ್‌ಫೆಲ್ಟರೇ ಎದುರಾಗುತ್ತಿದ್ದರು. ಹಿಟ್ಟಿನ ಗಿರಣಿ ಅವರು ಕಟ್ಟಿಸಿದ್ದು, ಶಾಲೆ ಅವರದು, ದಾರಿಯ ಎಲ್ಮ್ ಮರಗಳು ಅವರು ನೆಟ್ಟವು. ಮುನ್ನೂರು ವರ್ಷ ಇಲ್ಲಿಗೆ ಯಾವ ಪಾದ್ರಿ ಬರಬೇಕು, ಯಾವ ರೈತ ಯಾವ ಹೊಲ ಉಳಬೇಕು ಎಂದು ಹೇಳಿದವರು ಅವರು. ಓಮಾನರ ಅಜ್ಜ ವಾರಕ್ಕೆ ಆರು ದಿನ ಅವರ ಹೊಲದಲ್ಲಿ ದುಡಿದು, ಅವರ ಬಂಡಿ ಹಾದುಹೋಗುವವರೆಗೆ ಬರಿದಲೆಯಲ್ಲಿ ನಿಂತವನು. ಈಗ ಅವರ ಬಂಗಲೆ ಜಿಲ್ಲಾಡಳಿತದ ತರಬೇತಿ ಕೇಂದ್ರ. ಆದರೂ ಅದರ ಗೇಟಿನೊಳಗೆ ಕಾಲಿಟ್ಟಾಗ ಓಮಾನರ ಕೈ ತಾನಾಗಿ ಟೋಪಿಗೆ ಹೋಯಿತು. ಯೆರ್ಕರ್ ನೋಡಿದನೇ ಎಂದು ಅವರು ಸಂಜೆಯವರೆಗೂ ಅಳುಕಿದರು.

ಹಿಮದ ಮೇಲಿನ ಗುರುತಿಗೆ ಯಾವ ಗಾಡಿಯ ಅಳತೆಯೂ ತಾಳೆಯಾಗಲಿಲ್ಲ.

ಶನಿವಾರ 10 ಗಂಟೆ 40 ನಿಮಿಷ. ಠಾಣೆಯಲ್ಲಿ ಯೆರ್ಕರ್ ಏಲಕ್ಕಿ ಬನ್ನನ್ನು ಕಾಫಿಗೆ ಅದ್ದುತ್ತಾ ಕೇಳಿದ, "ಸಾರ್, ಎಬ್ಬಾ ಅಮ್ಮಾವ್ರ ಗಾಡಿ ಅಳೆದ್ವಾ?"

ಓಮಾನ್ ಅಳತೆಯ ಪಟ್ಟಿ ತೆಗೆದು ನೋಡಿದರು; ಆ ಹೆಸರಿರಲಿಲ್ಲ. ಪಾದ್ರಿಗೆ ಫೋನ್ ಮಾಡಿದರು.

"ಬ್ಯಾರನ್ನರಿಗೆ ತಂಗಿ ಇದ್ದಾರಲ್ಲ?"

"ಎಬ್ಬಾ ಅವ್ರಾ? ಇದ್ದಾರೆ, ಇದ್ದಾರೆ. ಮಾಲಿ ಇದ್ನಲ್ಲ, ಆ ಮನೇಲಿ. ಆದ್ರೆ ವಂಶ ಗಂಡಸರಿಂದ ತಾನೆ ಮುಂದುವರಿಯೋದು? ಅವ್ರು ಲೆಕ್ಕಕ್ಕೆ ಬರಲ್ಲ."

"ಯಾರೂ ಇಲ್ಲ ಅಂದ್ರಿ ನೀವು."

"ನೀವೂ ಬರ್ಕೊಂಡ್ರಲ್ಲ."

ಓಮಾನ್ ಫೋನ್ ಇಟ್ಟರು. ವಾರಕ್ಕೆ ಎರಡು ಸಲವಾದರೂ ಅವರು ದಾರಿಯಲ್ಲಿ ಆಕೆಗೆ ನಮಸ್ಕಾರ ಹೇಳುತ್ತಿದ್ದರು. ಬರೆಯುವಾಗ ಆ ಮುಖ ನೆನಪಿಗೇ ಬಂದಿರಲಿಲ್ಲ.

11 ಗಂಟೆ 20 ನಿಮಿಷಕ್ಕೆ ಮಾಲಿಯ ಮನೆಯ ಮುಂದೆ ಕಾರು ನಿಂತಿತು. ಎಪ್ಪತ್ತೊಂಬತ್ತರ ಎಬ್ಬಾ ಹೇಗರ್‌ಫೆಲ್ಟ್ ಕಪ್ಪು ಕೋಟು ತೊಟ್ಟು, ಕಂಬಳಿ ಸುತ್ತಿದ್ದ ಏನನ್ನೋ ಒದೆಗಾಡಿಯ ಕುರ್ಚಿಗೆ ಕಟ್ಟುತ್ತಿದ್ದರು.

"ಬಾ ಸಿಕ್ಸ್ಟನ್. ನಾನೇ ತಗೊಂಡ್ ಹೊರಟಿದ್ದೆ. ನಿಮ್ಮಜ್ಜ ಆಗಿದ್ರೆ ಇಷ್ಟೊತ್ತಿಗೆ ಟೋಪಿ ತೆಗೀತಿದ್ದ."

"ನಾನೂ ತೆಗೆದಿದ್ದೀನಿ ಅಮ್ಮಾ."

"ಹೌದಲ್ಲ. ನನ್ನ ಕಣ್ಣು ಮಂಜು."

ಒಳಗೆ ಮೇಜಿನ ಮೇಲೆ ಒಂದು ಬಟ್ಟಲು, ಒಂದು ಚಮಚ. ಒಲೆಯ ಮೇಲಿನ ಪಾತ್ರೆಯಲ್ಲಿ ಬಡಗಿಯ ಅಂಟು ಗಟ್ಟಿಯಾಗಿತ್ತು. ಯೆರ್ಕರ್ ಕಂಬಳಿ ಬಿಚ್ಚಿದ. ಬಕಪಕ್ಷಿಗೆ ಒಂದು ಗೀರೂ ಬಿದ್ದಿರಲಿಲ್ಲ. ಫಲಕವನ್ನು ತಿರುಗಿಸಿದರೆ ಗರಗಸದ ಸೀಳಿಗೆ ಅಂಟು ತುಂಬಿ, ಮೇಲೊಂದು ಪಟ್ಟಿ ಬಡಿಯಲಾಗಿತ್ತು.

"ಗುರುವಾರ ಎಷ್ಟು ಗಂಟೆಗೆ ಹೋದ್ರಿ?"

"ಐದಕ್ಕೆ."

"ಕೀಲಿ?"

"ಅಣ್ಣನ ಕೋಟಿನ ಜೇಬಲ್ಲಿತ್ತು. ಆ ಕೋಟಿಗೆ ಗುಂಡಿ ಹೊಲೀತಿದ್ದೋಳು ನಾನೇ. ಮೂವತ್ತೊಂದು ವರ್ಷ."

"ವಾಪಸ್ ಕೊಡೋದಾದ್ರೆ ತಗೊಂಡಿದ್ದು ಯಾಕೆ?"

ಆಕೆ ಕೈಗವಸು ಸರಿಮಾಡಿಕೊಂಡರು.

"ಒಂದೇ ಏಟಿಗೆ ಮುರೀಲಿ ಅಂತ ಕುಯ್ದಿದ್ರು. ಟಪ್ ಅಂದ್ರೆ ಮುಗೀತು, ಎಲ್ಲ ಕಾಫಿಗೆ ಎದ್ದು ಹೋಗ್ತಾರೆ. ಎರಡು ಏಟು, ಮೂರು ಏಟು ಬಿದ್ರೂ ಮುರೀಲಿಲ್ಲ ಅಂದ್ರೆ ತಲೆ ಎತ್ತಿ ಸುತ್ತ ನೋಡ್ತಾರಲ್ಲ? ನಾಲ್ಕನೇ ಸಾಲಲ್ಲಿ ನನಗೊಂದು ಜಾಗ ಕೊಟ್ಟಿದ್ದಾರೆ. ಮುಂದಿನದು ಸ್ಟಾಕ್‌ಹೋಮಿನೋರಿಗಂತೆ."

11 ಗಂಟೆ 45 ನಿಮಿಷಕ್ಕೆ ಓಮಾನ್ ಬಂಧನದ ಮಾತು ಹೇಳಿದರು. ಸರ್ಕಾರಿ ವಕೀಲರಿಗೆ ಫೋನ್ ಮಾಡಿದಾಗ, ಮಣ್ಣು ಮುಗಿಸಿಕೊಂಡೇ ಠಾಣೆಗೆ ಕರೆತನ್ನಿ ಎಂದರು.

ಪಾದ್ರಿಗೆ ಫಲಕ ಒಪ್ಪಿಸುವಾಗ ರಶೀದಿಯಲ್ಲಿ 'ವಸ್ತುವಿನ ಸ್ಥಿತಿ' ಎಂಬ ಜಾಗವಿತ್ತು. ಅಂಟಿನ ವಿಷಯ ಬರೆದರೆ ಕನೂಟ್ ಹತ್ತು ನಿಮಿಷದಲ್ಲಿ ಮತ್ತೆ ಗರಗಸ ಎಳೆಯುತ್ತಿದ್ದ. ಹನ್ನೆರಡು ವರ್ಷದ ಕೆಲಸದಲ್ಲಿ ಓಮಾನ್ ಒಂದು ಅಲ್ಪವಿರಾಮವನ್ನೂ ಮುಚ್ಚಿಟ್ಟವರಲ್ಲ. ಪೆನ್ನು ಹಿಡಿದು ನಿಂತೇ ಇದ್ದರು. ಕೊನೆಗೆ 'ಹಾನಿಯಾಗಿಲ್ಲ' ಎಂದು ಬರೆದು ಸಹಿ ಮಾಡಿದರು.

ಒಂದು ಗಂಟೆಗೆ ಕೌಂಟ್ ಸುತ್ತಿಗೆ ಎತ್ತಿದರು. ಮೊದಲ ಏಟಿಗೆ ಪೆಟ್ಟಿಗೆ ದಡ್ ಎಂದಿತು, ಫಲಕ ಹಾಗೇ ಇತ್ತು. ಎರಡನೆಯದಕ್ಕೂ ಹಾಗೇ. ಬಾಗಿದ್ದ ತಲೆಗಳು ಒಂದೊಂದಾಗಿ ಮೇಲೆದ್ದವು. ಮೂರನೆಯದಾದ ಮೇಲೆ ಕೌಂಟ್ ಏದುಸಿರು ಬಿಡುತ್ತಾ ಪಾದ್ರಿಯತ್ತ ನೋಡಿದರು. ಪಾದ್ರಿ ಬಡಗಿಯತ್ತ ನೋಡಿದರು. ಬಡಗಿ ನಾಲ್ಕನೇ ಸಾಲಿನತ್ತ ನೋಡಿದ. ಆಮೇಲೆ ಎಲ್ಲರೂ ಅತ್ತ ತಿರುಗಿದರು. ಎಬ್ಬಾ ಯೆರ್ಕರ್ ಪಕ್ಕದಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು.

ಮುಂದಿನ ಸಾಲಿನ ಸ್ಟಾಕ್‌ಹೋಮಿನ ಹೆಂಗಸೊಬ್ಬಳು ಓಮಾನರತ್ತ ಬಾಗಿ ಪಿಸುಗುಟ್ಟಿದಳು, "ಯಾರ್ರೀ ಆಕೆ?"

"ಎಬ್ಬಾ ಹೇಗರ್‌ಫೆಲ್ಟ್. ಬ್ಯಾರನ್ನರ ತಂಗಿ," ಎಂದರು ಓಮಾನ್. ಚರ್ಚಿನಲ್ಲಿ ಮಾತಾಡಬೇಕಾದ್ದಕ್ಕಿಂತ ದನಿ ಜೋರಾಗಿತ್ತು.

ಐದನೇ ಏಟಿಗೆ ಫಲಕ ಒಡೆಯಿತು. ಅಂಟು ಹಾಕಿದಲ್ಲಿ ಅಲ್ಲ, ಪಕ್ಕದಲ್ಲಿ.

ಮಾರ್ಚ್ 4ರಂದು ಪ್ರಕರಣ ಕೈಬಿಡಲಾಯಿತು. ಅಂತಿಮ ವರದಿಯಲ್ಲಿ ಕೃತ್ಯದ ಕಾರಣ ಬರೆಯಬೇಕಾದಲ್ಲಿ ಓಮಾನ್ ಮೂರು ಸಲ ಬರೆದು ಹೊಡೆದುಹಾಕಿ, ಕಡೆಗೆ ಒಂದು ಸಾಲು ಉಳಿಸಿದರು: ಅಣ್ಣ ತೀರಿಕೊಂಡ ದಿನದಿಂದ ಬಂಧನದ ದಿನದವರೆಗೆ ಆರೋಪಿಯ ಮನೆಗೆ ಯಾರೂ ಬಂದಿರಲಿಲ್ಲ.