ಡ್ರಾಯರಿನಲ್ಲಿದ್ದ ಮೂರು ಬೋಲ್ಟುಗಳು

ಮಾರ್ಚ್ ಹನ್ನೊಂದು, ಬೆಳಿಗ್ಗೆ ಒಂಬತ್ತು ಇಪ್ಪತ್ತು. ವಾಯುನೆಲೆಯ ಮೆಕ್ಯಾನಿಕ್ ಠಾಣೆಗೆ ಬಂದು, ಕರ್ಚೀಫು ಬಿಚ್ಚಿ, ತಲೆ ಮುರಿದ ಬೋಲ್ಟೊಂದನ್ನು ಇನ್‌ಸ್ಪೆಕ್ಟರ್ ಮೇಜಿನ ಮೇಲಿಟ್ಟ. ತಿಂಗಳ ಹಿಂದೆ ಯುದ್ಧವಿಮಾನವೊಂದರ ರೆಕ್ಕೆ ಕಳಚಿ ಪೈಲಟ್ ಸತ್ತಿದ್ದ. ರೆಕ್ಕೆಯ ಬೋಲ್ಟನ್ನು ಮಿತಿ ಮೀರಿ ಬಿಗಿದದ್ದೇ ಕಾರಣವೆಂದು ಇಲಾಖಾ ವಿಚಾರಣೆ ತಪ್ಪನ್ನು ಇವನ ತಲೆಗೆ ಕಟ್ಟಿತ್ತು. ಪೈಲಟ್‌ನ ತಾಯಿ ಇವನ ಮನೆ ಬಾಗಿಲಿಗೇ ಬಂದು ಶಾಪ ಹಾಕಿ ಹೋಗಿದ್ದರು.

"ಇದು ಹಾರದೆ ನಿಂತಿರೋ ಬೇರೆ ವಿಮಾನದ್ದು ಮೇಡಂ. ಯಾರೂ ಮುಟ್ಟಿಲ್ಲ, ತಾನಾಗೇ ತಲೆ ಉದುರಿದೆ. ಕೇಳದೆ ತಂದಿದ್ದೀನಿ, ಅದಕ್ಕೆ ಬೇಕಾದ್ರೆ ಕೇಸ್ ಹಾಕಿ."

ಒಂಬತ್ತು ಐವತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಮತ್ತು ಹೆಡ್ ಕಾನ್‌ಸ್ಟೇಬಲ್ ಬೋಲ್ಟು ತಯಾರಿಸುವ ಕಾರ್ಖಾನೆಯಲ್ಲಿದ್ದರು. ಲೋಹದ ಲೇಪನವಾದ ಬೋಲ್ಟನ್ನು ಒಂದು ದಿನ ಒಲೆಯಲ್ಲಿ ಕಾಯಿಸದಿದ್ದರೆ ಉಕ್ಕು ಒಳಗೇ ಪೆಡಸಾಗಿ, ಬಿಗಿದ ಮೇಲೆ ಎಂದೋ ತಾನಾಗೇ ಮುರಿಯುತ್ತದೆ ಎಂದು ಮ್ಯಾನೇಜರ್ ವಿವರಿಸಿದ. ಅದಕ್ಕೇ ಒಟ್ಟಿಗೆ ತಯಾರಾದ ಪ್ರತಿ ಲಾಟಿನಿಂದ ಮೂರು ಬೋಲ್ಟು ತೆಗೆದು ಇನ್ನೂರು ಗಂಟೆ ಬಿಗಿದಿಡುತ್ತಾರೆ. ಮುರಿಯದಿದ್ದರೆ ಲಾಟು ಪಾಸು, ಆ ಮೂರು ಗುಜರಿಗೆ. ಆದರೆ ಒಲೆಯ ಲಾಗ್‌ಬುಕ್ಕಿನ ಪ್ರಕಾರ ನವೆಂಬರಿನಲ್ಲಿ ಒಂಬತ್ತು ದಿನ ಒಲೆ ಕೆಟ್ಟು ನಿಂತಿದ್ದಾಗ ನಾಲ್ಕು ಲಾಟು ಹೊರಹೋಗಿದ್ದವು. ಕೇಳಿದರೆ ಮ್ಯಾನೇಜರ್ ಭುಜ ಕುಣಿಸಿ, ಟೆಸ್ಟು ಪಾಸಾಗಿದೆಯಲ್ಲ ಎಂದ.

ಟೆಸ್ಟು ನಡೆಸಿ ಸಹಿ ಹಾಕುವ ಗುಣಮಟ್ಟ ಅಧಿಕಾರಿಯ ಡ್ರಾಯರಿನಲ್ಲಿ, ಕನ್ನಡಕದ ಡಬ್ಬಿಯೊಳಗೆ, ಮೂರು ಬೋಲ್ಟು ಸಿಕ್ಕವು. ಅಪ್ಪನ ಸೈಕಲ್ ಅಂಗಡಿಯಲ್ಲಿ ಬೆಳೆದಿದ್ದ ಹೆಡ್ ಕಾನ್‌ಸ್ಟೇಬಲ್ ಅವುಗಳ ಥ್ರೆಡ್ಡಿನ ಮೇಲೆ ಉಗುರಾಡಿಸಿ ನೋಡಿದ. ಒಂದೇ ಸಲ ಬಿಗಿಯಬೇಕಾದ ಬೋಲ್ಟುಗಳ ಥ್ರೆಡ್ಡು ಸವೆದು ಹೊಳೆಯುತ್ತಿತ್ತು. ಬೋಲ್ಟಿನ ತಲೆಯ ಮೇಲೆ ನಾಲ್ಕು ವರ್ಷ ಹಳೆಯ ಲಾಟಿನ ನಂಬರಿತ್ತು. ಪಂಚನಾಮೆ ಮುಗಿದಾಗ ಎರಡು ಹತ್ತು.

"ಪ್ರತಿ ಟೆಸ್ಟಿಗೂ ಇವೇನಾ?" ಇನ್‌ಸ್ಪೆಕ್ಟರ್ ಕೇಳಿದರು.

"ಹೌದು," ಎಂದ ಅಧಿಕಾರಿ. "ಗಟ್ಟಿ ಬೋಲ್ಟುಗಳು. ಮುರಿಯಲ್ಲ."

"ಎಷ್ಟು ಲಾಟಿಗೆ?"

"ನಲವತ್ತೊಂದು."

"ಅದರಲ್ಲಿ ಕೆಟ್ಟವೆಷ್ಟು?"

"ಗೊತ್ತಿಲ್ಲ ಮೇಡಂ. ನಾನು ನೋಡಲೇ ಇಲ್ಲ."

ಇನ್‌ಸ್ಪೆಕ್ಟರಿಗೆ ಸಿಟ್ಟು ನೆತ್ತಿಗೇರಿತು. ನಲವತ್ತೊಂದು ಸಲ ಸಹಿ ಹಾಕಲು ಪುರಸೊತ್ತಿದ್ದವನಿಗೆ ಒಂದು ಸಲ ನೋಡಲು ಪುರಸೊತ್ತಿರಲಿಲ್ಲ. ಮೊದಲು ವಾಯುನೆಲೆಗೆ ಫೋನು ಮಾಡಿ, ಆ ಲಾಟುಗಳ ಬೋಲ್ಟಿರುವ ಒಂದು ವಿಮಾನವೂ ನೆಲ ಬಿಡಕೂಡದೆಂದರು. ನಾಲ್ಕೂವರೆಗೆ ಅಧಿಕಾರಿಯನ್ನೂ, ಒಲೆ ಕೆಟ್ಟದ್ದನ್ನು ವಾಯುನೆಲೆಗೆ ತಿಳಿಸದೆ ಮುಚ್ಚಿಟ್ಟ ಮ್ಯಾನೇಜರನ್ನೂ ಬಂಧಿಸಿದರು.

ಅಧಿಕಾರಿಯ ಹೇಳಿಕೆ ಒಂದೂವರೆ ಪುಟವಾಯಿತು. ಐದು ವರ್ಷದ ಹಿಂದೆ ಅವನು ಒಂದು ಲಾಟನ್ನು ಫೇಲು ಮಾಡಿದ್ದ. ಮರುದಿನವೇ ಮ್ಯಾನೇಜರ್ ಅವನ ಮೇಜು ತೆಗೆಸಿ, ಕಾರಿಡಾರಿನಲ್ಲಿ ಶೌಚಾಲಯದ ಪಕ್ಕ ಕುರ್ಚಿ ಹಾಕಿಸಿದ್ದ. ಏಳು ತಿಂಗಳು, ಕೆಲಸವಿಲ್ಲದೆ, ಬೆಳಿಗ್ಗೆಯಿಂದ ಸಂಜೆವರೆಗೆ ಅವನು ಅಲ್ಲೇ ಕೂತಿದ್ದ. ಜೊತೆಗಾರರು ಮುಖ ತಿರುಗಿಸಿ ದಾಟಿಹೋಗುತ್ತಿದ್ದರು. ಮೇಜು ವಾಪಸು ಸಿಕ್ಕ ಮೇಲೆ ಅವನು ಯಾವುದನ್ನೂ ಫೇಲು ಮಾಡಲಿಲ್ಲ.

ಮೆಕ್ಯಾನಿಕ್‌ಗೆ ವಿಷಯ ತಿಳಿಸಿದಾಗ ಅವನು ಕೇಳಿದ್ದು ಒಂದೇ: ಪೈಲಟ್‌ನ ತಾಯಿಗೆ ಯಾರು ಹೇಳುತ್ತಾರೆ? ತಾನೇ ಹೋಗುವುದಾಗಿ ಇನ್‌ಸ್ಪೆಕ್ಟರ್ ಹೇಳಿದರು.

ಹೊರಡುವಾಗ ನೋಡಿದರೆ ಠಾಣೆಯ ಕಾರಿಡಾರಿನಲ್ಲಿ ಹೆಡ್ ಕಾನ್‌ಸ್ಟೇಬಲ್ ಅಧಿಕಾರಿಗೆ ಕುರ್ಚಿ ತೋರಿಸುತ್ತಿದ್ದ.

"ಬೇಡ ಸಾರ್," ಎಂದ ಅವನು. "ನಿಂತೇ ಇರ್ತೀನಿ."

ಇನ್‌ಸ್ಪೆಕ್ಟರಿಗೆ ಅವನ ಮೇಲಿನ ಸಿಟ್ಟು ಇಳಿದಿರಲಿಲ್ಲ. ಆದರೂ ಆ ಕುರ್ಚಿಯನ್ನು ತೆಗೆಸಿ ಹೋದರು.